ಡ್ಯೂಟಿ ಪಟ್ಟಿ ಬರೆಯುವ ಮೊದಲು

ಕುರ್ಲಾ ಪೂರ್ವ

ಪ್ರೀತಿಯ ಮಗಳೇ,

ಮತ್ಸ್ಯಗಂಧದಲ್ಲಿ ಬಂದು ಟಿಳಕ್ ಟರ್ಮಿನಸ್ಸಿನಲ್ಲಿ ಟ್ರಂಕು ಹಿಡಿದು ನಿಂತಿದ್ದ ನೀನು ಈಗ 20 ಹಾಸಿಗೆಯ ನರ್ಸಿಂಗ್ ಹೋಮಿನ ಸಿಸ್ಟರ್ ಇನ್‌ಚಾರ್ಜ್! ಕೇಳಿ ಕಣ್ಣು ತುಂಬಿತು. ನಿನ್ನಂಥ ಬೇರೆ ಹುಡುಗಿಯರೂ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ. ಸಲೈನ್ ಹಾಕುವುದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡ್ಯೂಟಿ ಪಟ್ಟಿಯ ವಿಷಯ ಬೇರೆ.

2005ರ ಜುಲೈ 26. ಸಾಂತಾಕ್ರೂಜಿನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ. ಮಿಠಿ ನದಿ ಉಕ್ಕಿ ಕುರ್ಲಾದ ಬೀದಿಗಿಳಿಯಿತು, ಲೋಕಲ್ ನಿಂತಿತು. ನಮ್ಮ ಆಸ್ಪತ್ರೆಯ ರಾತ್ರಿ ಪಾಳಿಯವರೆಲ್ಲ ಕಲ್ಯಾಣ, ಡೊಂಬಿವಿಲಿಯವರು, ಒಬ್ಬರೂ ಬರಲಾಗಲಿಲ್ಲ. ನಾನೂ ಇನ್ನೊಬ್ಬ ಸಿಸ್ಟರೂ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಸೊಂಟಮಟ್ಟ ನೀರಿನಲ್ಲಿ ನಡೆದು ಬಂದವಳು ಪಕ್ಕದ ಚಾಳಿನ ಆಯಾಬಾಯಿ ಒಬ್ಬಳೇ. ಪಟ್ಟಿ ಬರೆದವಳು ನಾನು. ಯಾರ ಮನೆ ಎಲ್ಲಿ ಎಂದು ಯೋಚಿಸಿರಲಿಲ್ಲ. ಮಳೆಗಾಲದಲ್ಲಿ ಪ್ರತಿ ಪಾಳಿಗೂ ನಡೆದೇ ಬರಬಲ್ಲ ಸಿಸ್ಟರ್ ಒಬ್ಬಳಾದರೂ ಇರಲಿ.

ಆ ರಾತ್ರಿ ಆಯಾಬಾಯಿ, ‘ಸೂಜಿ ನಾನು ಚುಚ್ಚಲೇ?’ ಎಂದಳು. ನಾನು ಬಿಡಲಿಲ್ಲ. ಮಗ್ಗುಲು ಬದಲಿಸುವುದರಲ್ಲಿ, ರೋಗಿಯ ಮುಖ ನೋಡಿ ನೋವು ತಿಳಿಯುವುದರಲ್ಲಿ ಅವಳು ನನಗಿಂತ ಜಾಣೆ. ಆದರೆ ಔಷಧದ ಹೊಣೆ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿದವಳದು. ಆರು ತಿಂಗಳು ಕಲಿತ ಹುಡುಗಿಗೆ ಬಿಳಿ ಬಟ್ಟೆ ತೊಡಿಸಿ ‘ಸಿಸ್ಟರ್’ ಎಂದು ನಿಲ್ಲಿಸುವ ಮಾಲೀಕರಿದ್ದಾರೆ. ರೋಗಿಗೆ ಬಿಳಿ ತೊಟ್ಟವರೆಲ್ಲ ಒಂದೇ. ಯಾರು ಯಾರೆಂದು ನಿನಗೆ ಗೊತ್ತಿರಬೇಕು, ಪಟ್ಟಿಯಲ್ಲೂ ಬರೆದಿರಬೇಕು.

ಪಾಳಿ ಒಪ್ಪಿಸುವುದು ಮೇಜಿನ ಬಳಿ ಬೇಡ, ರೋಗಿಯ ಹಾಸಿಗೆಯ ಬಳಿಯೇ ಆಗಲಿ. ನಮ್ಮ ಹಳದೀಪುರದ ಅರುಣಾ ಶಾನಭಾಗ್ ನಿನಗೆ ಗೊತ್ತಲ್ಲ? 1973ರ ನವೆಂಬರಿನಲ್ಲಿ ತಾನು ದುಡಿಯುತ್ತಿದ್ದ ಪರೇಲಿನ ಕೆಇಎಂ ಆಸ್ಪತ್ರೆಯಲ್ಲೇ ಹಲ್ಲೆಗೊಳಗಾದವಳು, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅಲ್ಲೇ ಮಲಗಿದ್ದಳು. ಅವಳು ನಡೆದಾಡಿದ್ದನ್ನೇ ಕಾಣದ ಸಿಸ್ಟರುಗಳು ಅವಳನ್ನು ತಿರುಗಿಸಿದರು, ಉಣಿಸಿದರು. ಅಷ್ಟು ವರ್ಷಗಳಲ್ಲಿ ಒಂದು ಹಾಸಿಗೆಹುಣ್ಣೂ ಆಗಿಲ್ಲವೆಂಬ ಮಾತು 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಒಂದು ಪಾಳಿ ಮರೆತಿದ್ದರೂ ಆ ಮೈ ಹೇಳುತ್ತಿತ್ತು.

ಸಂಬಳದ ಮಾತಿಗೆ ಸಂಕೋಚಪಡಬೇಡ. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದೆಂದು ಕೇಂದ್ರದ ಸಮಿತಿ 2016ರಲ್ಲೇ ಹೇಳಿದೆ. ನಿನ್ನ ಹುಡುಗಿಯರ ಪರವಾಗಿ ನೀನೇ ಕೇಳು.

ಭಾನುವಾರ ಪಟ್ಟಿ ಹಿಡಿದು ಬಾ. ಪ್ರತಿ ಹೆಸರಿನ ಮುಂದೆ ಅವರು ಯಾವ ಸ್ಟೇಷನ್ನಿನಿಂದ ಬರುತ್ತಾರೆಂದು ಬರೆದಿರಲಿ.

ನಿನ್ನ ದೊಡ್ಡಮ್ಮ