ಸರ್ಕಾರಕ್ಕೆ ರಾಗಿ ಮಾರುವ ರೈತನ ಹಕ್ಕುಗಳು

ಶಿವನಿ, ಅಜ್ಜಂಪುರ, ಕಡೂರು, ತರೀಕೆರೆಯ ಬಯಲು ಭಾಗದಲ್ಲಿ ರಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ ಊರೂರಿನಲ್ಲೂ ಇದೇ ವಿಚಾರ: ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಎಷ್ಟು ಚೀಲ ತಗೊಳ್ಳುತ್ತಾರೆ, ದುಡ್ಡು ಯಾವಾಗ ಬರುತ್ತದೆ? 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ರಾಗಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅದರ ಹಿಂದಿನ ವರ್ಷ 4,290 ಇತ್ತು. 2025-26ರ ದರದಲ್ಲಿ 20 ಕ್ವಿಂಟಾಲ್ ಕೊಟ್ಟ ಕುಟುಂಬಕ್ಕೆ ಬರಬೇಕಾದದ್ದು 97,720 ರೂಪಾಯಿ. ಮಕ್ಕಳ ಫೀಸು, ಸೊಸೈಟಿ ಸಾಲ, ಮುಂದಿನ ಬಿತ್ತನೆ ಎಲ್ಲವೂ ಈ ಹಣವನ್ನೇ ನೆಚ್ಚಿಕೊಂಡಿರುತ್ತವೆ.

ಇಷ್ಟು ದೊಡ್ಡ ವ್ಯವಹಾರ ಎಷ್ಟೋ ಸಲ ಬಾಯಿಮಾತಿನಲ್ಲೇ ನಡೆದುಹೋಗುತ್ತದೆ. ‘ಕಾಳು ಸರಿಯಿಲ್ಲ, ವಾಪಸ್ ತಗೊಂಡ್ಹೋಗಿ’, ‘ಸರ್ವರ್ ಇಲ್ಲ, ನಾಳೆ ಬನ್ನಿ’, ‘ದುಡ್ಡು ಬರುತ್ತೆ, ಹೋಗಿ’. ಬಾಯಿಮಾತಿನ ಮೇಲೆ ಯಾವ ಕಚೇರಿಯಲ್ಲೂ ಮೇಲ್ಮನವಿ ಹಾಕಲು ಬರುವುದಿಲ್ಲ. ಆದ್ದರಿಂದ ಪ್ರತಿ ಹಂತದಲ್ಲೂ ಬರಹದಲ್ಲಿ ಕೇಳಿ, ಬರಹದಲ್ಲೇ ಪಡೆಯಿರಿ. ಕಾನೂನು ನಿಮ್ಮ ಕಡೆ ನಿಲ್ಲಲು ಬೇಕಾದದ್ದು ಆ ಬರಹ.

ಯಾರು ಕೊಳ್ಳುತ್ತಾರೆ, ಯಾರಿಗಾಗಿ?

ರಾಗಿಯನ್ನು ಕೇಂದ್ರ ಸರ್ಕಾರದ ಪರವಾಗಿ ರಾಜ್ಯದ ಸಂಸ್ಥೆಗಳು ಕೊಳ್ಳುತ್ತವೆ. ಕರ್ನಾಟಕ ಆಹಾರ ಮತ್ತು ನಾಗರಿಕ ಸರಬರಾಜು ನಿಗಮ, ರಾಜ್ಯ ಸಹಕಾರ ಮಾರಾಟ ಮಹಾಮಂಡಳದಂಥ ಸಂಸ್ಥೆಗಳಲ್ಲಿ ಯಾವುದಕ್ಕೆ ಯಾವ ಜಿಲ್ಲೆ ಎಂಬುದನ್ನು ಸರ್ಕಾರ ಆಯಾ ಹಂಗಾಮಿನ ಆದೇಶದಲ್ಲಿ ಗೊತ್ತುಮಾಡುತ್ತದೆ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಟಾಸ್ಕ್ ಫೋರ್ಸ್ ಸಮಿತಿ ಇದರ ಮೇಲ್ವಿಚಾರಣೆ ನಡೆಸುತ್ತದೆ. ಹೀಗೆ ಕೊಂಡ ರಾಗಿ ದಕ್ಷಿಣ ಕರ್ನಾಟಕದ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಯ ಜೊತೆ ಪಡಿತರವಾಗಿ ಬರುತ್ತದೆ. ಕೊಬ್ಬರಿ, ಕಡಲೆಯಂಥ ಬೆಳೆಗಳ ಖರೀದಿ ನಾಫೆಡ್ ಪರವಾಗಿ ಬೇರೆ ಯೋಜನೆಯಲ್ಲಿ ನಡೆದರೂ ಮುಂದೆ ಹೇಳುವ ಎಚ್ಚರಗಳು ಅಲ್ಲಿಗೂ ಸಲ್ಲುತ್ತವೆ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಈ ವ್ಯವಸ್ಥೆಯ ಬೆನ್ನೆಲುಬು. ಪಡಿತರ ಧಾನ್ಯವೆಂದರೆ ಅಕ್ಕಿ, ಗೋಧಿ ಮಾತ್ರ ಎಂದು ಅದು ಹೇಳುವುದಿಲ್ಲ, ಒರಟು ಧಾನ್ಯಗಳನ್ನೂ ಸೇರಿಸುತ್ತದೆ. ಆಯಾ ರಾಜ್ಯದಲ್ಲೇ ಧಾನ್ಯ ಕೊಳ್ಳುವುದನ್ನು, ಅದರಲ್ಲೂ ಒರಟು ಧಾನ್ಯದ ಖರೀದಿಯನ್ನು ಪ್ರೋತ್ಸಾಹಿಸಬೇಕೆಂದು ಕಾಯ್ದೆಯ 3ನೇ ಅನುಸೂಚಿ ಹೇಳುತ್ತದೆ. ಶಿವನಿಯ ಹೊಲದ ರಾಗಿ ನೆರೆಯೂರಿನ ಕಾರ್ಡುದಾರರ ಮನೆಯಲ್ಲಿ ಮುದ್ದೆಯಾಗಬೇಕೆಂಬುದು ಕಾನೂನಿನ ಆಶಯವೂ ಹೌದು.

ಹಕ್ಕು ಯಾವುದು, ಯಾವುದು ಅಲ್ಲ?

ಬೆಂಬಲ ಬೆಲೆಗೆ ಇಂದಿಗೂ ಪ್ರತ್ಯೇಕ ಕಾಯ್ದೆ ಇಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಶಿಫಾರಸಿನ ಮೇಲೆ ಕೇಂದ್ರ ಸಂಪುಟದ ಸಮಿತಿ ದರ ತೀರ್ಮಾನಿಸುತ್ತದೆ. ಅದು ಸರ್ಕಾರದ ನೀತಿ. ‘ನಾನು ಬೆಳೆದದ್ದನ್ನೆಲ್ಲ ಈ ದರಕ್ಕೆ ಕೊಳ್ಳಲೇಬೇಕು’ ಎಂದು ರೈತ ಕೋರ್ಟಿಗೆ ಹೋದರೆ ನೇರ ಪರಿಹಾರ ಸಿಗುವುದು ಕಷ್ಟ. ಖರೀದಿಯ ಮಿತಿಯೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2021-22ರ ಹಂಗಾಮಿನಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಂದ ಮಾತ್ರ, ಒಬ್ಬರಿಂದ ಗರಿಷ್ಠ 20 ಕ್ವಿಂಟಾಲ್ ಕೊಳ್ಳಲಾಗಿತ್ತು. ಆದ್ದರಿಂದ ಆಯಾ ವರ್ಷದ ಆದೇಶವನ್ನೇ ಓದಿಕೊಳ್ಳಬೇಕು.

ಆದರೆ ಸರ್ಕಾರ ಒಮ್ಮೆ ಆದೇಶ ಹೊರಡಿಸಿ, ಕೇಂದ್ರ ತೆರೆದು, ನಿಮ್ಮ ಹೆಸರು ನೋಂದಾಯಿಸಿಕೊಂಡ ಮೇಲೆ ಮಾತು ಬೇರೆ. ಸಂವಿಧಾನದ 14ನೇ ವಿಧಿ ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯನ್ನೂ ಕಾಯುತ್ತದೆ. ತಾನೇ ಹಾಕಿಕೊಂಡ ಮಾನದಂಡವನ್ನು ಸರ್ಕಾರಿ ಸಂಸ್ಥೆ ತಾನೇ ಮುರಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಭಾರತ ಆಹಾರ ನಿಗಮವೇ ಕಕ್ಷಿಯಾಗಿದ್ದ ಕಾಮಧೇನು ಕ್ಯಾಟಲ್ ಫೀಡ್ ಪ್ರಕರಣದಲ್ಲಿ, ಕೊಡುಕೊಳ್ಳುವ ವ್ಯವಹಾರದಲ್ಲೂ ಸಾರ್ವಜನಿಕ ಸಂಸ್ಥೆಗೆ ಮನಬಂದಂತೆ ನಡೆಯುವ ಅಧಿಕಾರವಿಲ್ಲ ಎಂದೂ ಹೇಳಿದೆ. ಸರದಿ ತಪ್ಪಿಸುವುದು, ಒಂದೇ ಗುಣಮಟ್ಟದ ಕಾಳಿನಲ್ಲಿ ಒಬ್ಬರದನ್ನು ಪಡೆದು ಇನ್ನೊಬ್ಬರದನ್ನು ಕಾರಣ ಕೊಡದೆ ಬಿಡುವುದು ಈ ತತ್ವಕ್ಕೆ ವಿರುದ್ಧ.

ನೋಂದಣಿಗೆ ಮೊದಲು

ನೋಂದಣಿಗೆ ಆಧಾರ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೆ ಸಿಗುವ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ನೋಡಿಸಿಕೊಳ್ಳಿ. ಬಿಟ್ಟುಹೋದ ಜಮೀನಿನ ರಾಗಿ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಬೆಳೆ ಸಮೀಕ್ಷೆ. ಹೊಲದಲ್ಲಿ ರಾಗಿ ಇದ್ದು ದಾಖಲೆಯಲ್ಲಿ ಮೆಕ್ಕೆಜೋಳ ಎಂದಿದ್ದರೆ ಕೇಂದ್ರದಲ್ಲಿ ನೋಂದಣಿ ನಿಲ್ಲುತ್ತದೆ. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬರೆದಿದೆ ಎಂದು ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಇದಕ್ಕೆ ಗಡುವು ಇರುವುದರಿಂದ ಪೈರು ಹೊಲದಲ್ಲಿ ನಿಂತಿರುವಾಗಲೇ ಮಾಡಿ. ಕೊಯ್ಲಾದ ಮೇಲೆ ರಾಗಿ ಇತ್ತೆಂದು ತೋರಿಸಲು ಹೊಲದಲ್ಲಿ ಕೂಳೆಯಷ್ಟೇ ಉಳಿದಿರುತ್ತದೆ.

ಮೂರನೆಯದು ಖಾತೆ. ತಂದೆ ತೀರಿಹೋಗಿ ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲೇ ಇರುವ ಮನೆಗಳು ಬಹಳ. ಮೃತರ ಹೆಸರಿನಲ್ಲಿ ಎಫ್‌ಐಡಿ ನಡೆಯುವುದಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ವಾರಕ್ಕೆ ಅಥವಾ ಗುತ್ತಿಗೆಗೆ ಮಾಡುವವರಿಗೆ ಪಹಣಿ ಇರುವುದಿಲ್ಲ, ದುಡ್ಡು ಜಮೀನಿನ ಮಾಲೀಕರ ಖಾತೆಗೆ ಹೋಗುತ್ತದೆ. ಪಾಲು ಎಷ್ಟು, ಯಾವಾಗ ಎಂಬುದನ್ನು ಕೇಂದ್ರಕ್ಕೆ ಗಾಡಿ ಹೊರಡುವ ಮೊದಲೇ ಇಬ್ಬರೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನೋಂದಣಿಯಾದ ಕೂಡಲೇ ಸ್ವೀಕೃತಿ ಚೀಟಿ ಪಡೆಯಿರಿ. ಪ್ರಮಾಣ, ದಿನಾಂಕ, ಕೇಂದ್ರದ ಹೆಸರು ಅದರಲ್ಲಿರಲಿ. ಹಣ ಬರುವ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಅದೇ ವಾರ ವಿಚಾರಿಸಿ.

ತಕ್ಕಡಿಯ ಮುಂದೆ

ರಾಗಿಯಲ್ಲಿ ತೇವಾಂಶ ಶೇ 12 ಮೀರಬಾರದು ಎಂಬುದು ಖರೀದಿಯ ಮಾನದಂಡ. ಕಲ್ಲು, ಮಣ್ಣು, ಬೇರೆ ಕಾಳು, ಹಾಳಾದ ಕಾಳಿಗೂ ಮಿತಿಗಳಿವೆ. ಈ ಪಟ್ಟಿಯನ್ನು ಕೇಂದ್ರದಲ್ಲಿ ತೋರಿಸಿ ಎಂದು ಕೇಳಿ. ತೇವಾಂಶವನ್ನು ಯಂತ್ರದಲ್ಲಿ, ನಿಮ್ಮ ಎದುರಿನಲ್ಲೇ ಅಳೆಯಬೇಕೆಂದು ಹೇಳಿ. ಕಾಳನ್ನು ಬಾಯಿಗೆ ಹಾಕಿ ಕಡಿದು ನೋಡಿ ‘ಹಸಿ ಇದೆ’ ಅಂದರೆ ಅದು ಅಳತೆಯಾಗುವುದಿಲ್ಲ.

ತೂಕದ ಯಂತ್ರಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ಪರಿಶೀಲಿಸಿ ಮುದ್ರೆ ಹಾಕಿದ ಯಂತ್ರವನ್ನೇ ಬಳಸಬೇಕು. ಚೀಲ ಇಡುವ ಮೊದಲು ಸೊನ್ನೆ ತೋರಿಸುತ್ತಿದೆಯೇ ನೋಡಿ. ಖಾಲಿ ಚೀಲದ ತೂಕ ಕಳೆಯುವುದು ಸರಿ, ಅದಕ್ಕಿಂತ ಹೆಚ್ಚು ‘ಸೂಟು’ ತೆಗೆಯುವುದಕ್ಕೆ ಆಧಾರವಿಲ್ಲ. 50 ಕೆ.ಜಿ. ಚೀಲಕ್ಕೆ ಒಂದು ಕೆ.ಜಿ. ತಾನೆ ಎಂದು ಬಿಟ್ಟರೆ ಏನಾಗುತ್ತದೆ, ಲೆಕ್ಕ ಹಾಕಿ: 20 ಕ್ವಿಂಟಾಲಿಗೆ 40 ಚೀಲ, 40 ಕೆ.ಜಿ. ರಾಗಿ. 4,886ರ ದರದಲ್ಲಿ 1,954 ರೂಪಾಯಿ. ಕೂಲಿಯವರ ಎಷ್ಟು ದಿನದ ಸಂಬಳವೋ ನೀವೇ ಹೇಳಿ.

ತೂಕ ಮುಗಿದ ಮೇಲೆ ಒಟ್ಟು ಚೀಲ, ನಿವ್ವಳ ತೂಕ, ದರ, ಮೊತ್ತ, ದಿನಾಂಕ ಇರುವ ಚೀಟಿ ಕೈಗೆ ಬರದೆ ಪ್ರಾಂಗಣ ಬಿಟ್ಟು ಹೊರಡಬೇಡಿ.

ಕಾಳು ಬೇಡವೆಂದರೆ

ತಿರಸ್ಕರಿಸುವ ಅಧಿಕಾರ ಗುಣಮಟ್ಟ ನೋಡುವ ಗ್ರೇಡರ್‌ಗೆ ಇದೆ. ಕಾರಣ ಕೇಳುವ ಹಕ್ಕು ನಿಮಗಿದೆ. ಒಂದು ಬಿಳಿ ಹಾಳೆಯಲ್ಲಿ ಹೀಗೆ ಬರೆದುಕೊಡಿ:

‘ನನ್ನ ಎಫ್‌ಐಡಿ ಸಂಖ್ಯೆ ಇಷ್ಟು. ಇಂದು ಇಂಥ ದಿನಾಂಕ ನಾನು ಇಷ್ಟು ಚೀಲ ರಾಗಿ ತಂದಿರುತ್ತೇನೆ. ಗುಣಮಟ್ಟ ಸರಿಯಿಲ್ಲವೆಂದು ಪಡೆದಿರುವುದಿಲ್ಲ. ಯಾವ ಮಾನದಂಡದಲ್ಲಿ, ಎಷ್ಟು ಪ್ರಮಾಣದಲ್ಲಿ ಕೊರತೆ ಇದೆ ಎಂಬುದನ್ನು ಲಿಖಿತವಾಗಿ ಕೊಡಬೇಕೆಂದೂ ನನ್ನ ಸಮಕ್ಷಮ ಮರುಪರೀಕ್ಷೆ ಮಾಡಿಸಬೇಕೆಂದೂ ಕೋರುತ್ತೇನೆ.’

ಪ್ರತಿಯ ಮೇಲೆ ಸಹಿ, ಮೊಹರು ಪಡೆಯಿರಿ. ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಅದೇ ದಿನ ಖರೀದಿ ಮಾಡುವ ನಿಗಮದ ಜಿಲ್ಲಾ ಕಚೇರಿಗೆ ಮತ್ತು ತಹಶೀಲ್ದಾರರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಇನ್ನೊಂದು ಸಂದರ್ಭವೂ ಇದೆ. ರಾಗಿ ತೂಗಿ, ಚೀಟಿ ಕೊಟ್ಟು, ಗೋದಾಮಿಗೆ ಸೇರಿಸಿಕೊಂಡು, ಬಹಳ ದಿನಗಳ ನಂತರ ‘ನಿಮ್ಮ ಕಾಳು ಪಾಸಾಗಿಲ್ಲ’ ಎನ್ನುವುದು. 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಂ ಇಲ್ಲಿ ರೈತನಿಗೆ ಆಸರೆ. ಸರಕನ್ನು ಸ್ವೀಕರಿಸಿದ್ದೇನೆಂದು ತಿಳಿಸಿದರೆ, ಅಥವಾ ಬೇಡವೆಂದು ತಿಳಿಸದೆ ಸಮಂಜಸ ಅವಧಿ ಮೀರಿ ಇಟ್ಟುಕೊಂಡರೆ, ಕೊಂಡವನು ಅದನ್ನು ಒಪ್ಪಿಕೊಂಡಂತೆಯೇ ಎಂದು ಆ ಕಲಂ ಹೇಳುತ್ತದೆ.

ಹಣ ಬಾರದಿದ್ದರೆ

ಮೊದಲು ತೊಡಕು ಎಲ್ಲಿದೆ ಎಂದು ತಿಳಿಯಿರಿ. ಬಿಲ್ ಕೇಂದ್ರದಿಂದ ಹೋಗಿದೆಯೇ, ನಿಗಮ ಹಣ ಬಿಡುಗಡೆ ಮಾಡಿದೆಯೇ, ಬ್ಯಾಂಕಿನಲ್ಲಿ ನಿಂತಿದೆಯೇ? ಬ್ಯಾಂಕಿನ ತಪ್ಪಾದರೆ ಅಲ್ಲಿ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.

ನಿಗಮದಲ್ಲೇ ನಿಂತಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಬಳಸಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ ಸಾಮಾನ್ಯವಾಗಿ 150 ಪದ ಮೀರದಂತಿರಬೇಕು. ‘ನನಗೆ ನ್ಯಾಯ ಕೊಡಿಸಿ’ ಎಂದು ಬರೆಯಬೇಡಿ, ದಾಖಲೆ ಕೇಳಿ. ನಿಮ್ಮ ಬಿಲ್ಲಿನ ಸ್ಥಿತಿ, ಕೇಂದ್ರದ ಖರೀದಿ ವಹಿಯ ಆ ದಿನದ ಪ್ರತಿ, ಅದೇ ದಿನ ರಾಗಿ ಕೊಟ್ಟವರಿಗೆ ಹಣ ಪಾವತಿಯಾದ ದಿನಾಂಕಗಳು, ಇಷ್ಟು ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ. ಅದರ ಆದೇಶದಿಂದ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಮಾರಿದ ಸರಕಿನ ಬೆಲೆಗೆ ದಾವೆ ಹೂಡಲು ಸರಕು ಮಾರಾಟ ಕಾಯ್ದೆಯ 55ನೇ ಕಲಂ ಅವಕಾಶ ಕೊಡುತ್ತದೆ. ಬಡ್ಡಿಯನ್ನೂ ಕೇಳಬಹುದು. ಆದರೆ ಕಾಲಮಿತಿ ಕಾಯ್ದೆಯಂತೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಹೂಡಬೇಕು. ಗ್ರಾಹಕ ಆಯೋಗಕ್ಕೆ ಹೋಗಿ ಕಾಲ ಕಳೆಯಬೇಡಿ. ಅಲ್ಲಿ ಕೊಂಡವರಿಗೆ ಪರಿಹಾರವಿದೆ, ಇಲ್ಲಿ ನೀವು ಮಾರಿದವರು.

ಪಹಣಿ ಎರವಲು ಕೊಡಬೇಡಿ

ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗಿದ್ದಾಗ ದಲ್ಲಾಳಿಗಳು ಪಹಣಿ, ಎಫ್‌ಐಡಿ ಹುಡುಕಿಕೊಂಡು ಬರುತ್ತಾರೆ. ‘ರಾಗಿ ನಮ್ಮದು, ಹೆಸರು ನಿಮ್ಮದು, ಚೀಲಕ್ಕೆ ಇಷ್ಟು’ ಎನ್ನುತ್ತಾರೆ. ಒಪ್ಪಬೇಡಿ. ಬೆಳೆಯದ ರಾಗಿಯನ್ನು ಬೆಳೆದೆನೆಂದು ಸರ್ಕಾರಕ್ಕೆ ಮಾರುವುದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ಅಪರಾಧ. ತನಿಖೆ ನಡೆದಾಗ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು, ನಿಮ್ಮ ಬೆರಳಚ್ಚು, ನಿಮ್ಮ ಬ್ಯಾಂಕ್ ಖಾತೆ. ಜೊತೆಗೆ ಒಟ್ಟು ಖರೀದಿಗೆ ಮಿತಿ ಇರುವಾಗ ದಲ್ಲಾಳಿಯ ಪ್ರತಿ ಚೀಲವೂ ನಿಮ್ಮೂರಿನ ಮತ್ತೊಬ್ಬ ರೈತನ ಜಾಗ ಕಸಿಯುತ್ತದೆ.

ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ತಿಳಿಸಿ. ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಂನಂತೆ ಕೊಟ್ಟವರೂ ಅಪರಾಧಿಗಳೇ. ಆದರೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಅವರಿಗೆ ರಕ್ಷಣೆ ಇದೆ.

ಶಾಲೆ, ಅಂಗನವಾಡಿಯ ಅಡುಗೆಮನೆ

ಸರ್ಕಾರ ಕೊಳ್ಳುವುದು ರಾಗಿಯೊಂದನ್ನೇ ಅಲ್ಲ. ಶಾಲೆಯ ಬಿಸಿಯೂಟಕ್ಕೆ ತರಕಾರಿಯನ್ನು ಊರಿನಲ್ಲೇ ಕೊಳ್ಳುತ್ತಾರೆ. 2021ರಲ್ಲಿ ಪಿಎಂ ಪೋಷಣ್ ಎಂದು ಹೆಸರಾದ ಈ ಯೋಜನೆಯಲ್ಲಿ ರೈತ ಉತ್ಪಾದಕ ಸಂಸ್ಥೆಗಳನ್ನೂ ಮಹಿಳಾ ಸ್ವಸಹಾಯ ಸಂಘಗಳನ್ನೂ ತೊಡಗಿಸಲು ಉತ್ತೇಜನವಿದೆ. ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಬಾರದು, ಗ್ರಾಮ ಸಮುದಾಯ, ಸ್ವಸಹಾಯ ಸಂಘ, ಮಹಿಳಾ ಮಂಡಳಗಳ ಮೂಲಕ ನಡೆಯಲಿ ಎಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್ 7ರಂದು ಆದೇಶಿಸಿತ್ತು. ನಿಮ್ಮೂರಿನ ಶಾಲೆಗೆ ಸೊಪ್ಪು, ತರಕಾರಿ ಎಲ್ಲಿಂದ ಬರುತ್ತದೆ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಗ್ರಾಮಸಭೆಯಲ್ಲಿ ಕೇಳಿ. ಪಡಿತರವೂ ಸೇರಿ ಇಂಥ ಯೋಜನೆಗಳ ಸಾಮಾಜಿಕ ಪರಿಶೋಧನೆಗೆ ಆಹಾರ ಭದ್ರತಾ ಕಾಯ್ದೆಯ 28ನೇ ಕಲಂ ಅವಕಾಶ ಕೊಟ್ಟಿದೆ.

ನೆರವು ಎಲ್ಲಿ?

ಖರೀದಿಯ ದೂರಿಗೆ ಮೊದಲು ಕೇಂದ್ರದ ಅಧಿಕಾರಿ, ನಂತರ ತಹಶೀಲ್ದಾರರು, ಆಮೇಲೆ ಟಾಸ್ಕ್ ಫೋರ್ಸ್ ಅಧ್ಯಕ್ಷರಾದ ಜಿಲ್ಲಾಧಿಕಾರಿ. ರಾಜ್ಯದ ಜನಸ್ಪಂದನ ಸಹಾಯವಾಣಿ 1902, ಪಡಿತರದ ದೂರಿಗೆ 1967. ಉಚಿತ ವಕೀಲರ ನೆರವಿಗೆ ನ್ಯಾಯಾಲಯದ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಂತೆ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಈ ನೆರವು ಸಿಗುತ್ತದೆ, ಕಾಯ್ದೆ ಹೆಸರಿಸಿದ ಇನ್ನು ಕೆಲವರನ್ನು ಬಿಟ್ಟು ಉಳಿದವರಿಗೆ ಆದಾಯ ಮಿತಿ ಇದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಶುಲ್ಕವೂ ಇಲ್ಲ. ಸರ್ಕಾರದ ಖರೀದಿ ಆದೇಶಕ್ಕೆ ವಿರುದ್ಧವಾಗಿಯೇ ಖರೀದಿ ನಡೆದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ಒಬ್ಬರಿಗಿಂತ ಹತ್ತು ಮಂದಿ ರೈತರು ಸೇರಿ ಹೋದರೆ ಖರ್ಚೂ ಕಡಿಮೆ, ಬಲವೂ ಹೆಚ್ಚು.

ಈ ಹಂಗಾಮಿನಲ್ಲಿ ಕೇಂದ್ರಕ್ಕೆ ಹೊರಡುವ ಪ್ರತಿ ಮನೆಯವರೂ ಒಂದು ಫೈಲ್ ಮಾಡಿಕೊಳ್ಳಿ. ಎಫ್‌ಐಡಿ, ಪಹಣಿ, ನೋಂದಣಿ ಸ್ವೀಕೃತಿ, ತೂಕದ ಚೀಟಿ, ಪಾಸ್‌ಬುಕ್ಕಿನ ಪ್ರತಿ ಅದರಲ್ಲಿರಲಿ. ಓದಲು ಬಾರದ ಹಿರಿಯರು ಊರಿನಲ್ಲಿದ್ದರೆ ಓದಿದ ಮಕ್ಕಳು ಅವರ ಜೊತೆ ಹೋಗಿ ಚೀಟಿ ಓದಿ ಹೇಳಲಿ. ಚೀಟಿ ಕೇಳಿದ ರೈತನಿಗೆ ಇಲ್ಲವೆನ್ನಲು ಯಾವ ಅಧಿಕಾರಿಗೂ ಕಾನೂನಿನ ಬಲವಿಲ್ಲ. ಅಂಜದೆ ಕೇಳಿ.