ಹಳೆಯ ಓಮ್ನಿ ಮತ್ತು ನೋಡುವ ಕೂಲಿ

ಸೂಳೆಕೆರೆಯ ಅಚ್ಚುಕಟ್ಟಿನ ಹಳ್ಳಿಗಳಲ್ಲಿಯೂ ಚನ್ನಗಿರಿಯ ಅಡಿಕೆ ತೋಟಗಳ ದಾರಿಗಳಲ್ಲಿಯೂ ಇಂದಿಗೂ ಓಡುತ್ತಿರುವ ಹಳೆಯ ಮಾರುತಿ ಓಮ್ನಿಗಳ ರಿಪೇರಿ ಖರ್ಚನ್ನು ಮನೆಯವರು ಸಾಮಾನ್ಯವಾಗಿ ಬಿಡಿಭಾಗದ ಬೆಲೆ ಮತ್ತು ಮೆಕ್ಯಾನಿಕ್‌ನ ಕೂಲಿ ಎಂಬ ಎರಡು ಬಾಬ್ತುಗಳಲ್ಲಿ ಬರೆದಿಡುತ್ತಾರೆ. ಈ ಎರಡನ್ನೂ ಹಿಗ್ಗಿಸುವ ಅಥವಾ ಕುಗ್ಗಿಸುವ ಮೂರನೆಯ ಬಾಬ್ತೊಂದಿದ್ದು, ದೋಷ ಎಲ್ಲಿದೆಯೆಂದು ಹುಡುಕುವ ಕೆಲಸದ ಬೆಲೆಯಾದ ಅದಕ್ಕೆ ಯಾರ ಪುಸ್ತಕದಲ್ಲಿಯೂ ಜಾಗವಿಲ್ಲ. ಬಾನೆಟ್ಟಿನ ಅಥವಾ ಸೀಟಿನ ಕೆಳಗೆ ಅರ್ಧ ತಾಸು ನೋಡಿದ್ದಕ್ಕೆ ಹಣ ಕೇಳಿದರೆ ಗಿರಾಕಿ ಮುನಿಸಿಕೊಳ್ಳುತ್ತಾನೆ, ಅದೇ ಅರ್ಧ ತಾಸಿನಲ್ಲಿ ಹೊಸದೊಂದು ಭಾಗ ಹಾಕಿ ಬಿಲ್ಲು ಕೊಟ್ಟರೆ ಮರುಮಾತಿಲ್ಲದೆ ಕೊಡುತ್ತಾನೆ. ನೋಡುವುದಕ್ಕೆ ಕೂಲಿ ಸಿಗದ ಮೆಕ್ಯಾನಿಕ್ ನೋಡುವುದನ್ನೇ ಕಡಿಮೆ ಮಾಡಿ, ಅಂದಾಜಿನ ಮೇಲೆ ಭಾಗ ಬದಲಿಸುವ ಕಡೆಗೆ ವಾಲುವುದು ಈ ವ್ಯವಸ್ಥೆಯ ಸಹಜ ಪರಿಣಾಮವಾಗಿದ್ದು, ಇದರಲ್ಲಿ ಮೆಕ್ಯಾನಿಕ್‌ಗಿಂತ ಗಿರಾಕಿಯ ಪಾಲೇ ಹೆಚ್ಚು.

1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, 1988ರಲ್ಲಿ ಓಮ್ನಿ ಎನಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತ ಈ ಗಾಡಿಯಲ್ಲಿರುವುದು ಮಾರುತಿ 800 ಕಾರಿನಲ್ಲಿದ್ದ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನೇ. ಎಂಜಿನ್ ಮುಂದಿನ ಸೀಟುಗಳ ಕೆಳಗಿದ್ದು, ಅದರ ಬಲ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ತಿರುಗುದಂಡದ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಹೊರೆ ಹೊರುವುದು ಹಿಂದಿನ ಪಟ್ಟಾ ಸ್ಪ್ರಿಂಗುಗಳು. ಚನ್ನಗಿರಿ ಮತ್ತು ಹೊನ್ನಾಳಿ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಶಿವಮೊಗ್ಗಕ್ಕೆ ಸೇರಿದ್ದ ತಾಲ್ಲೂಕುಗಳಾದ್ದರಿಂದ ಇಲ್ಲಿ ಕೆಎ-14ರ ಫಲಕಗಳೂ ಕೆಎ-17ರ ಫಲಕಗಳೂ ಬೆರೆತೇ ಕಾಣುತ್ತವೆ. ಕೈಯಿಂದ ಕೈಗೆ ದಾಟಿದ ಇಂಥ ಗಾಡಿಯ ಹಿಂದಿನ ರಿಪೇರಿಗಳ ದಾಖಲೆ ಸಿಗುವುದು ಅಪರೂಪವಾಗಿದ್ದು, ಕೊಂಡವನಿಗೆ ಉಳಿಯುವ ಆಧಾರವೆಂದರೆ ಗಾಡಿ ತೋರಿಸುವ ಲಕ್ಷಣಗಳು ಮಾತ್ರ.

ಈ ಲಕ್ಷಣಗಳಲ್ಲಿ ಅತಿ ಹೆಚ್ಚು ಹಣ ಕರಗಿಸುವುದು ‘ಹೀಟ್ ಆಗುವುದು’, ಅಂದರೆ ಎಂಜಿನ್ನಿನ ಶಾಖ ಮಿತಿ ಮೀರುವುದು. ಈ ಅಂಕಣದ ಲೇಖಕರ ಮನೆಯಲ್ಲಿದ್ದ ಸೆಕೆಂಡ್ ಹ್ಯಾಂಡ್ ಓಮ್ನಿಯು ಅಡಿಕೆಗೊನೆಯ ಮೂಟೆ ಹೇರಿಕೊಂಡು ತೋಟದ ದಾರಿಯಲ್ಲಿ ನಿಧಾನವಾಗಿ ಬರುವಾಗ ಶಾಖದ ಮುಳ್ಳನ್ನು ಕೆಂಪಿನತ್ತ ಒಯ್ಯುತ್ತಿತ್ತು. ಸೂಳೆಕೆರೆಯ ಏರಿ ದಾಟಿ ದಾವಣಗೆರೆಯ ರಸ್ತೆಗೆ ಬಿದ್ದೊಡನೆ ಅದೇ ಮುಳ್ಳು ತಾನಾಗಿ ಇಳಿಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ಓಡಿಸಿ ನೋಡದೆಯೇ ‘ಹೆಡ್ ಇಳಿಸಬೇಕು’ ಎಂಬ ತೀರ್ಮಾನ ಬಂತು. ಹೆಡ್ ಇಳಿಸುವುದೆಂದರೆ ಎಂಜಿನ್ನಿನ ಮೇಲ್ಭಾಗವನ್ನು ಬಿಚ್ಚಿ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಎಂಬ ತೆಳುಹಾಳೆಯನ್ನು ಬದಲಿಸಿ, ಹೆಡ್ಡನ್ನು ಲೇತಿನವರ ಬಳಿ ಕೊಟ್ಟು ಸಮ ಮಾಡಿಸಿ, ಆಯಿಲ್ ಮತ್ತು ಕೂಲಂಟ್ ಹೊಸದಾಗಿ ತುಂಬುವ ಕೆಲಸ. ಗಾಡಿ ಕೆಲವು ದಿನ ನಿಂತೇ ಇರುತ್ತದೆ, ಖರ್ಚು ಹಲವು ಸಾವಿರ ದಾಟುತ್ತದೆ.

ಆದರೆ ಆ ಮುಳ್ಳಿನ ವರ್ತನೆಯಲ್ಲಿಯೇ ಉತ್ತರವಿತ್ತು. ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರಿನ ನೀರನ್ನು ತಣಿಸುತ್ತದೆ, ನಿಧಾನವಾಗಿ ಹೋಗುವಾಗ ಆ ಕೆಲಸ ವಿದ್ಯುತ್ ಫ್ಯಾನಿನದು. ಆದ್ದರಿಂದ ನಿಧಾನದಲ್ಲಿ ಮಾತ್ರ ಕಾಯುವ ಗಾಡಿಯಲ್ಲಿ ಮೊದಲು ಶಂಕಿಸಬೇಕಾದದ್ದು ಫ್ಯಾನನ್ನೇ ಹೊರತು ಹೆಡ್ಡನ್ನಲ್ಲ. ಬೇರೊಬ್ಬ ಮೆಕ್ಯಾನಿಕ್ ಸೀಟು ಎತ್ತಿ, ನೀರಿನ ದಾರಿಯಲ್ಲಿ ಕೂರಿಸಿರುವ ಶಾಖದ ಸ್ವಿಚ್ಚಿನ ಕನೆಕ್ಟರ್ ಕಳಚಿ, ಅದರ ತುದಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದೊಡನೆ ಫ್ಯಾನು ಭರ್ರೆಂದು ತಿರುಗಿತು. ಮೋಟಾರು, ಫ್ಯೂಸು, ವೈರಿಂಗ್ ಸರಿಯಿವೆ, ಕೆಟ್ಟಿರುವುದು ಸ್ವಿಚ್ಚು ಮಾತ್ರ ಎಂಬುದು ಅಲ್ಲಿಗೆ ಸಿದ್ಧವಾಯಿತು. ಸ್ವಿಚ್ಚಿನ ಬೆಲೆ ಕೆಲವು ನೂರು ರೂಪಾಯಿ. ಆ ಮೆಕ್ಯಾನಿಕ್‌ಗೆ ಸ್ವಿಚ್ಚಿನ ಬೆಲೆಯಷ್ಟೇ ಹಣವನ್ನು ನೋಡಿದ ಕೂಲಿಯೆಂದು ಕೊಟ್ಟದ್ದನ್ನು ಮನೆಯವರು ದುಂದು ಎಂದು ಆಕ್ಷೇಪಿಸಿದರಾದರೂ, ಆ ಗಾಡಿಯ ಮೇಲೆ ಮಾಡಿದ ಖರ್ಚುಗಳಲ್ಲಿ ಅದಕ್ಕಿಂತ ಲಾಭದ್ದು ಇನ್ನೊಂದಿರಲಿಲ್ಲ.

ಇದಕ್ಕೆ ವಿರುದ್ಧವಾಗಿ, ಫ್ಯಾನು ತಿರುಗುತ್ತಿದ್ದರೂ ವೇಗದಲ್ಲಿ ಅಥವಾ ಏರಿನಲ್ಲಿ ಕಾಯುವ ಗಾಡಿಯಲ್ಲಿ ನೀರಿನ ಹರಿವನ್ನು ಪರೀಕ್ಷಿಸಬೇಕಾಗುತ್ತದೆ. ಅಲ್ಲಿ ಮೊದಲು ಬರುವುದು, ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟ್ಯಾಟ್, ಆಮೇಲೆ ವಾಟರ್ ಪಂಪು, ಆಮೇಲೆ ರೇಡಿಯೇಟರಿನ ಸಣ್ಣ ಕೊಳವೆಗಳು. ಜಗಳೂರಿನ ಕಡೆಯ ಗಾಡಿಗಳಲ್ಲಿ ಈ ಕೊನೆಯದಕ್ಕೆ ವಿಶೇಷ ಗಮನ ಬೇಕು, ಏಕೆಂದರೆ ಬೋರ್‌ವೆಲ್ಲಿನ ಗಡಸುನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದಾಗ ಅದರಲ್ಲಿನ ಲವಣಗಳು ಕೊಳವೆಗಳ ಒಳಮೈಗೆ ಬಿಳಿಯ ಪದರವಾಗಿ ಅಂಟಿ ದಾರಿಯನ್ನು ಕಿರಿದಾಗಿಸುತ್ತವೆ. ಕೂಲಂಟಿನ ಡಬ್ಬಿಯ ಹಣ ಉಳಿಸಿದವನು ಕಡೆಗೆ ರೇಡಿಯೇಟರಿಗೂ ಹೆಡ್ಡಿಗೂ ಹಣ ತೆರುತ್ತಾನೆ. ಹೆಡ್ ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಅದರ ಗುರುತುಗಳೇ ಬೇರೆ: ತಣ್ಣಗಿರುವ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆಗೆದು ಚಾಲೂ ಮಾಡಿದಾಗ ನಿಲ್ಲದೆ ಗುಳ್ಳೆ ಏಳುವುದು, ಎಲ್ಲಿಯೂ ಸೋರಿಕೆ ಕಾಣದೆ ನೀರು ಇಳಿಯುವುದು, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು. (ಬಿಸಿ ಎಂಜಿನ್ನಿನ ಕ್ಯಾಪನ್ನು ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.) ಈ ಗುರುತುಗಳಲ್ಲಿ ಒಂದೂ ಇಲ್ಲದೆ ಹೆಡ್ ಇಳಿಸಲು ಒಪ್ಪುವುದು ಹಣಕಾಸಿನ ದೃಷ್ಟಿಯಿಂದ ಸಾಲ ಮಾಡಿ ಜೂಜಾಡಿದಂತೆಯೇ.

ಉಳಿದ ಸಾಮಾನ್ಯ ದೋಷಗಳಿಗೂ ಕಾಸಿಲ್ಲದ ಪರೀಕ್ಷೆಗಳಿವೆ. ಎಂಜಿನ್ ‘ಮಿಸ್ಸಿಂಗ್’ ಹೊಡೆದಾಗ, ಅಂದರೆ ಮೂರರಲ್ಲಿ ಒಂದು ಸಿಲಿಂಡರು ಉರಿಯದೆ ಎಂಜಿನ್ ನಡುಗಿದಾಗ, ಒಂದೊಂದೇ ಪ್ಲಗ್ಗಿನ ವೈರನ್ನು ನಿರೋಧಕ ಹಿಡಿಯ ಇಕ್ಕಳದಿಂದ ಕಳಚಿ ನೋಡಬೇಕು. ಯಾವುದನ್ನು ಕಳಚಿದರೂ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ದೋಷವಿರುವುದು ಆ ಸಿಲಿಂಡರಿನಲ್ಲಿ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆಯಾಗಿದ್ದು, ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲುಗಳ ಮೇಲೆ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳ ಮೇಲೆ ಶಂಕೆ ಹೋಗುತ್ತದೆ. ಮೊದಲನೆಯದರ ಖರ್ಚಿಗೂ ಎರಡನೆಯದರ ಖರ್ಚಿಗೂ ಅಜಗಜಾಂತರ. ಗಾಡಿ ಹೊರಡುವಾಗ ಹಿಂದಿನಿಂದ ‘ಟಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ‘ಕ್ರಾಸ್’ ಎಂಬ ಕೀಲು ಸವೆದಿರಬಹುದು. ವೇಗ ಏರಿದಂತೆ ಏರುವ, ತಿರುವಿನಲ್ಲಿ ದನಿ ಬದಲಿಸುವ ಗುಂಯ್‌ಗುಡುವಿಕೆ ಚಕ್ರದ ಬೇರಿಂಗಿನದು; ನಾಲೆಯ ನೀರು ನಿಲ್ಲುವ ದಾರಿಗಳಲ್ಲಿ ಓಡುವ ಗಾಡಿಗೆ ಇದು ಬೇಗ ಬರುತ್ತದೆ.

ರಿಪೇರಿಗೆ ಎಷ್ಟು ಹಾಕಬಹುದು ಎಂಬ ಪ್ರಶ್ನೆಗೆ ಗಾಡಿಯ ಮಾರಾಟದ ಬೆಲೆಯನ್ನು ಅಳತೆಗೋಲಾಗಿ ಹಿಡಿಯುವ ವಾಡಿಕೆಯಿದೆಯಾದರೂ ಅದು ಮಾರಹೊರಟವನ ಅಳತೆ. ಇಟ್ಟುಕೊಳ್ಳುವವನು ಕೇಳಬೇಕಾದದ್ದು, ಈ ಖರ್ಚಿನಿಂದ ಗಾಡಿ ಇನ್ನೆಷ್ಟು ವರ್ಷ ನಡೆಯುತ್ತದೆ, ಅಷ್ಟೇ ಕೆಲಸಕ್ಕೆ ಬಾಡಿಗೆ ಗಾಡಿ ಕರೆದರೆ ವರ್ಷಕ್ಕೆ ಎಷ್ಟಾಗುತ್ತದೆ ಎಂಬುದನ್ನು. ಈಗಾಗಲೇ ಹಾಕಿದ ಹಣ ಈ ಲೆಕ್ಕದಲ್ಲಿ ಬರಕೂಡದು. ‘ಇಷ್ಟು ಹಾಕಿದ್ದಾಗಿದೆ, ಇದೂ ಒಂದು ಹೋಗಲಿ’ ಎಂಬ ಮಾತಿನಿಂದಲೇ ಅನೇಕ ಗಾಡಿಗಳು ತಮ್ಮ ಯೋಗ್ಯತೆಗೆ ಮೀರಿ ಉಂಡಿವೆ. ವಿಮೆ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಸಾಮಾನ್ಯ ವಾಹನ ವಿಮೆಯು ಅಪಘಾತದ ಹಾನಿಯನ್ನು ಭರಿಸುತ್ತದೆಯೇ ಹೊರತು ಸವೆತವನ್ನೂ ಯಂತ್ರದ ಕೆಡುವಿಕೆಯನ್ನೂ ಭರಿಸುವುದಿಲ್ಲ. ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಬಂದಿರುವುದು ಅಲ್ಪ ಸಮಾಧಾನ. ಇದಕ್ಕಿಂತ ದೊಡ್ಡದು ನೋಂದಣಿಯ ಬಾಬ್ತು. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಅವಧಿಯಿದ್ದು, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಹಿಂದೆ 600 ರೂಪಾಯಿಯಿದ್ದ ಈ ಶುಲ್ಕ ಕಾರು, ವ್ಯಾನುಗಳಿಗೆ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು, 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಯಾಯಿತು. ಆದ್ದರಿಂದ ದೊಡ್ಡ ರಿಪೇರಿಯ ತೀರ್ಮಾನವನ್ನು ಆರ್‌ಸಿಯಲ್ಲಿನ ದಿನಾಂಕ ನೋಡಿದ ಮೇಲೆಯೇ ಮಾಡುವುದು ಲೇಸು.

ಹಣ ಹಾಕುವ ಮುನ್ನ ಗಾಡಿಯ ಅಡಿಗೆ ಮಲಗಿ ತುಕ್ಕನ್ನು ನೋಡಬೇಕು. ಜಾರುಬಾಗಿಲಿನ ಅಂಚಿನ ತುಕ್ಕು ಕಣ್ಣಿಗೆ ಕಟುವಾಗಿ ಕಂಡರೂ ತಗಡಿನ ಕೆಲಸಕ್ಕೆ ಸರಿಯಾಗುವಂಥದ್ದು. ಪಟ್ಟಾ ಸ್ಪ್ರಿಂಗು ಗಾಡಿಯ ಬಾಡಿಯನ್ನು ಸೇರುವ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ಗಟ್ಟಿ ಸದ್ದು ಬರುವ ಬದಲು ತುದಿ ಒಳಕ್ಕೆ ಹೋದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಗಾಡಿಗೆ ಇನ್ನು ಹಣ ಹಾಕಬಾರದು. ಅಂಥದನ್ನು ಗುಜರಿಗೆ ಕೊಡುವವರು ತೂಕದ ಹಣ ಎಣಿಸಿಕೊಂಡು ಆರ್‌ಸಿಯನ್ನು ಬೀರುವಿನಲ್ಲಿಟ್ಟು ಮರೆಯುವುದು ರೂಢಿಯಾಗಿದೆ. ಆದರೆ ಮೋಟಾರು ವಾಹನ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ವಾಹನ ಶಾಶ್ವತವಾಗಿ ಬಳಕೆಗೆ ಬಾರದಂತಾದಾಗ 14 ದಿನಗಳ ಒಳಗೆ, ಅಥವಾ ಆದಷ್ಟು ಬೇಗ, ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕಾದ ಹೊಣೆ ಮಾಲೀಕನದು. ಅದು ರದ್ದಾಗುವವರೆಗೆ ದಾಖಲೆಯಲ್ಲಿ ಗಾಡಿ ಅವನ ಹೆಸರಿನಲ್ಲಿಯೇ ಇರುತ್ತದೆ.