ಮಂಡಿಯ ಬಿಸಿಲಿಗೆ ಹಿಡಿದ ಪರದೆ

ಆ್ಯಪ್‌ಗಳ ಪರದೆ ರೂಪಿಸುವುದು ನನ್ನ ಕೆಲಸ. ಯಾವ ಬಟನ್ ಎಲ್ಲಿರಬೇಕು, ಯಾವ ಮಾತು ಮೊದಲು ಕಣ್ಣಿಗೆ ಬೀಳಬೇಕು, ತಪ್ಪು ಒತ್ತಿದರೆ ಹಿಂದಕ್ಕೆ ಬರುವ ದಾರಿ ಯಾವುದು ಎಂದು ಬಳಸುವವರನ್ನು ನೋಡಿ ನೋಡಿ ತೀರ್ಮಾನಿಸಬೇಕು. ಕಂಪನಿ ಬೆಂಗಳೂರಿನಲ್ಲಿದೆ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಮುಳಬಾಗಿಲಿಗೆ ಬಂದವನು ಇಲ್ಲೇ ಉಳಿದೆ.

ಈ ಕಸುಬಿನ ಮೊದಲ ಪಾಠ ಆಗಿದ್ದು ಡಿಗ್ರಿ ಓದುವಾಗ ಸಂಜೆ ಹೊತ್ತು ದುಡಿಯುತ್ತಿದ್ದ ಫ್ಲೆಕ್ಸ್ ಅಂಗಡಿಯಲ್ಲಿ. ಕೋರೆಲ್‌ಡ್ರಾ, ನುಡಿ ಫಾಂಟು. ಮದುವೆ, ಜಾತ್ರೆ, ಮುಖಂಡರ ಹುಟ್ಟುಹಬ್ಬ. ಬಂದವರೆಲ್ಲ ಇಡೀ ಬಳಗದ ಫೋಟೊ ಹಾಕಿ ಅನ್ನುತ್ತಿದ್ದರು. ಯಜಮಾನರು ಮಾತ್ರ, "ಬೈಕಲ್ಲಿ ಹೋಗೋನಿಗೆ ಏನ್ ಕಾಣ್ಬೇಕೋ ಅದನ್ನ ಮೊದಲು ದೊಡ್ಡದು ಮಾಡಪ್ಪ" ಅನ್ನುತ್ತಿದ್ದರು. ಆಮೇಲೆ ಓದಿದ ಡಿಸೈನ್ ಪುಸ್ತಕಗಳಲ್ಲಿ ಈ ಮಾತೇ ಬೇರೆ ಬೇರೆ ವೇಷದಲ್ಲಿ ಸಿಕ್ಕಿತು.

ಮುಳಬಾಗಿಲಿನಿಂದ ಕೆಲಸ ಮಾಡುವಾಗ ಕರೆಂಟು ಹೋದರೆ ಇನ್ವರ್ಟರ್ ಇದೆ, ಫೈಬರ್ ಕೈಕೊಟ್ಟರೆ ಹಾಟ್‌ಸ್ಪಾಟ್ ಇದೆ. ಕಷ್ಟವಾದದ್ದು ಆಫೀಸಿನಲ್ಲಿ ಟೀ ಕುಡಿಯುತ್ತ ಬಾಯಿಮಾತಿನಲ್ಲೇ ಮುಗಿದುಹೋಗುವ ತೀರ್ಮಾನಗಳು. ಅದಕ್ಕೇ ಪರದೆ ರೂಪಿಸುವ ಸಾಫ್ಟ್‌ವೇರ್ ಫಿಗ್ಮಾದಲ್ಲಿ ಪ್ರತಿ ಪರದೆಯ ಪಕ್ಕ 'ಇದು ಹೀಗೇಕೆ' ಎಂದು ಎರಡು ಸಾಲು ಬರೆದಿಡುವುದನ್ನು ರೂಢಿಸಿಕೊಂಡೆ.

ಆಫೀಸು ದೂರವಾಯಿತು, ಬಳಸುವವರು ಹತ್ತಿರವಾದರು. ರೈತರಿಗೆ ದರ ತೋರಿಸುವ ಆ್ಯಪ್‌ನ ಕೆಲಸ ಬಂದಾಗ ವಡ್ಡಹಳ್ಳಿ ಟೊಮೆಟೊ ಮಾರುಕಟ್ಟೆಗೆ ಹೋದೆ. ಇಲ್ಲಿ ದರ ಅಂದರೆ ಬದುಕು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತ್ತು; ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ಕಾಲವೂ ಇದೆ. ಹರಾಜಿನ ಗದ್ದಲದ ನಡುವೆ ಒಬ್ಬ ಹಿರಿಯರ ಕೈಗೆ ಫೋನ್ ಕೊಟ್ಟೆ. ಹೆಗಲ ಮೇಲಿನ ಟವೆಲ್ಲನ್ನು ಪರದೆಗೆ ಮರೆ ಹಿಡಿದು, ಕಣ್ಣು ಕಿರಿದು ಮಾಡಿ, "ಏನೂ ಕಾಣಿಸ್ತಿಲ್ಲಪ್ಪ" ಅಂದರು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ಹೊಳಪಿನ ವ್ಯತ್ಯಾಸ ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವನ್ನು ನಮ್ಮ ಪರದೆಯ ಬೂದು ಅಕ್ಷರ ಪಾಸು ಮಾಡಿತ್ತು. ಮಂಡಿಯ ಬಿಸಿಲಿಗೆ ಅದು ಸಾಲಲಿಲ್ಲ. ಅಚ್ಚ ಕಪ್ಪು ಅಕ್ಷರ ಹಾಕಿ, ದರದ ಅಂಕಿಯನ್ನು ದುಪ್ಪಟ್ಟು ಮಾಡಿದೆವು. ಮಣ್ಣು ಮೆತ್ತಿದ ಹೆಬ್ಬೆರಳಿಗೆ ಸಿಗುವಂತೆ ಬಟನ್ನೂ ದೊಡ್ಡದಾಯಿತು.

ಎಲ್ಲವನ್ನೂ ಇಂಗ್ಲಿಷಿನಲ್ಲಿ ಮುಗಿಸಿ ಕೊನೆಗೆ ಕನ್ನಡ ತುಂಬುವ ಪದ್ಧತಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಇಂಗ್ಲಿಷಿಗೆ ಅಳೆದ ಸಾಲಿನಲ್ಲಿ 'ಕ್ಷೇತ್ರ'ದ ಒತ್ತಕ್ಷರಗಳು ಕೆಳಗೆ ಕತ್ತರಿಸಿ ಹೋಗುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಈಗ ಮೊದಲ ಪರದೆಯನ್ನೇ ಕನ್ನಡದಲ್ಲಿ ಮಾಡುತ್ತೇನೆ. ಕನ್ನಡ ಹಿಡಿಸಿದ ಜಾಗದಲ್ಲಿ ಇಂಗ್ಲಿಷ್ ಆರಾಮಾಗಿ ಕೂರುತ್ತದೆ. ನಮ್ಮ ಗಡಿಸೀಮೆಯಲ್ಲಿ ಮನೆಯಲ್ಲಿ ತೆಲುಗು ಆಡುತ್ತ ಶಾಲೆಯಲ್ಲಿ ಕನ್ನಡ ಕಲಿತವರು ಬಹಳ. ಹಾಗಾಗಿ ಪರದೆಯ ಮೇಲೂ ಮಂಡಿಯಲ್ಲಿ ಆಡುವ ಬಾಕ್ಸ್, ಹರಾಜು, ರೇಟು ಎಂಬ ಮಾತುಗಳನ್ನೇ ಇಟ್ಟೆವು.

ಕೋಲಾರ, ಶ್ರೀನಿವಾಸಪುರದ ಕಡೆಯ ಹುಡುಗ ಹುಡುಗಿಯರು ಈ ಕೆಲಸ ಸಿಗಲು ಏನು ಕಲಿಯಬೇಕೆಂದು ಕೇಳುತ್ತಾರೆ. ಫಿಗ್ಮಾ ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತದೆ. ಪೋರ್ಟ್‌ಫೋಲಿಯೊಗೆಂದು ಹೆಸರಾದ ಆ್ಯಪ್‌ಗೆ ಹೊಸ ಬಣ್ಣ ಬಳಿಯಬೇಡಿ ಅನ್ನುತ್ತೇನೆ. ಮಂಡಿಯಲ್ಲಿ ರೈತರಿಗೆ ಕೊಡುವ ಚೀಟಿ ತೆಗೆದುಕೊಳ್ಳಿ: ಎಷ್ಟು ಬಾಕ್ಸ್, ಯಾವ ರೇಟು, ಏನೇನು ಕಡಿತ, ಕೈಗೆಷ್ಟು. ಅದನ್ನು ನಾಲ್ಕಾರು ರೈತರಿಂದ ಓದಿಸಿ, ಅವರ ಬೆರಳು ಎಲ್ಲೆಲ್ಲಿ ತಡವರಿಸಿತು ಬರೆದುಕೊಳ್ಳಿ, ಹೊಸದಾಗಿ ಬರೆದು ಮತ್ತೆ ಅವರಿಗೇ ತೋರಿಸಿ. ಸಂದರ್ಶನಕ್ಕೆ ಎರಡೂ ಚೀಟಿ ಹಿಡಿದುಕೊಂಡು ಹೋಗಿ.